ಫುಟ್‌ಬಾಲ್ ಮಾಸ್ತರನ ಫ್ಲೆಕ್ಸು, ನಮ್ಮ 'ಏನಿಲ್ಲ'

ಆಗ ನನಗೆ ಅರವತ್ತೇಳು. ಅದಾಗಿ ಮೂರು ಮಳೆಗಾಲ ಕಳೆಯಿತು. ಅರವತ್ತೇಳು ಅನ್ನುವುದೂ ಅಂದಾಜೇ. ಶಾಲೆಗೆ ಹಾಕಲು ಕರೆದುಕೊಂಡು ಹೋದಾಗ ಅಪ್ಪ, 'ದೊಡ್ಡ ತುಫಾನು ಬಂದ ವರ್ಷ ಹುಟ್ಟಿದ್ದು' ಅಂದನಂತೆ. ಯಾವ ತುಫಾನು ಎಂದು ಮಾಸ್ತರರು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಅವರಿಗೆ ತೋಚಿದ್ದು ಬರೆದರು. ಎರಡನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಹಾಗಾಗಿ ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಅದಕ್ಕೂ ಆ ತುಫಾನೇ ಕಾರಣ ಎಂದು ತಿಳಿದುಕೊಳ್ಳಿ.

ಇದೆಲ್ಲ ಈಗ ನೆನಪಾಗಿದ್ದು ತಾರ್ಲೆ ಮೀನು ಒಣಗಿಸಲು ಹೋಗಿ. ಅಂಕೋಲೆಯ ನಮ್ಮ ಕಡಲ ಬದಿಯವರು ತಾಡಪತ್ರಿ ದುಡ್ಡು ಕೊಟ್ಟು ತರುವುದಿಲ್ಲ. ಪೇಟೆಯಲ್ಲಿ ಕಟ್ಟಿದ ಫ್ಲೆಕ್ಸೆಲ್ಲ ಕಡೆಗೆ ನಮ್ಮ ಕೇರಿಗೇ ಬರುತ್ತದೆ. ಚುನಾವಣೆಯದ್ದು, ಹುಟ್ಟುಹಬ್ಬದ್ದು, ಸತ್ತವರದ್ದು, ಎಲ್ಲ. ದೋಣಿಯ ಮೇಲೆ ಹೊದಿಸಲಿಕ್ಕಾಯಿತು, ಕಟ್ಟಿಗೆ ಮುಚ್ಚಲಿಕ್ಕಾಯಿತು. ನಮ್ಮ ಪಕ್ಕದ ಮನೆಯ ಶೇವಂತಿಯ ಬಚ್ಚಲಿಗೆ ಮೂರು ಬದಿಯಲ್ಲೂ ಮೂರು ಪಕ್ಷದವರಿದ್ದರು. ಮೀಯುವಾಗ ಎಲ್ಲರೂ ಕೈಮುಗಿದು ನಗುತ್ತಾ ನೋಡುತ್ತಿದ್ದಾರೆ ಎಂದು ಅವಳಿಗೆ ನಾಚಿಕೆಯಾಗಿ ಈಚೆಗೆ ಮುಖ ಹೊರಗೆ ಮಾಡಿ ಕಟ್ಟಿದ್ದಾಳೆ. ಈಗ ದಾರಿಯಲ್ಲಿ ಹೋಗುವವರಿಗೆ ಕೈಮುಗಿಯುತ್ತಾರೆ.

ನಾನು ಮೊನ್ನೆ ಅಟ್ಟದಿಂದ ಎಳೆದ ಫ್ಲೆಕ್ಸಿನಲ್ಲಿ ಫುಟ್‌ಬಾಲ್ ಮಾಸ್ತರ ಇದ್ದ. ಎರಡೂ ಕೈಯಲ್ಲಿ ಹಿತ್ತಾಳೆ ಹಂಡೆಯಷ್ಟು ದೊಡ್ಡ ಬಹುಮಾನದ ಕಪ್ಪು, ಕಣ್ಣಿಗೆ ಕರಿ ಕನ್ನಡಕ, ಹಿಂದೆ ಬೆಂಕಿಯ ಜ್ವಾಲೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಕಾರವಾರ ಪಂದ್ಯಾವಳಿಯಲ್ಲಿ ಅಭೂತಪೂರ್ವ ಸಾಧನೆ'. ಮಕ್ಕಳೂ ಇದ್ದರು, ಕೆಳಗಿನ ಅಂಚಿನಲ್ಲಿ, ಒಬ್ಬೊಬ್ಬರೂ ಹುಣಸೆಬೀಜದಷ್ಟು. ಅದರಲ್ಲಿ ನನ್ನ ಮೊಮ್ಮಗಳು ಯಾವುದು ಎಂದು ಹುಡುಕಲು ನನಗೆ ಕನ್ನಡಕ ಬೇಕಾಯಿತು. ಸಿಕ್ಕಿದಳು. ಅವಳ ಮೇಲೆ ಮೀನು ಹರಡದೆ, ಮಾಸ್ತರನ ಮೀಸೆಯ ಮೇಲಿಂದ ಶುರು ಮಾಡಿದೆ.

ಆ 'ಅಭೂತಪೂರ್ವ ಸಾಧನೆ' ಎಂತದೆಂದು ನನಗೆ ಗೊತ್ತು. ನಾನು ಅವತ್ತು ಕಾರವಾರಕ್ಕೆ ಹೋಗಿದ್ದೆ. ಪೇಟೆಯಲ್ಲಿ ಮೀನು ಮಾರಿ, ಬುಟ್ಟಿ ತೊಳೆದು, ಅದನ್ನೇ ಮಂಡೆಯ ಮೇಲೆ ಕವುಚಿಕೊಂಡು ಬಸ್ ಹತ್ತಿದವಳು. ಮಕ್ಕಳು ಸೋತಿದ್ದರು. ಕಪ್ಪು ತೆಗೆದುಕೊಂಡು ಹೋದವರು ಬೇರೆಯವರು. ಫ್ಲೆಕ್ಸಿನ ಕಪ್ಪು ಎಲ್ಲಿಂದ ಬಂತು ಎಂದರೆ, ಅದು ಮಾಸ್ತರನ ಸೋದರಮಾವನ ಊರಿನ ವಾಲಿಬಾಲ್ ತಂಡದ್ದು. ಇದು ಆಮೇಲೆ ಹೊರಬಿದ್ದ ಸುದ್ದಿ.

ಮಾಸ್ತರನ ಹೆಸರು ರೋಹಿದಾಸ. ಸದಾಶಿವಗಡದವ. ಗೋವಾಕ್ಕೆ ಹೋಗುವ ರಸ್ತೆಯಲ್ಲಿ ಅವನ ಅಪ್ಪನದ್ದು ಸಣ್ಣ ಅಂಗಡಿ, ಹಾಗಾಗಿ ಬೋರ್ಡಿಲ್ಲದೆ ವ್ಯಾಪಾರವಿಲ್ಲ ಎಂದು ಹಾಲು ಕುಡಿಯುವಾಗಲೇ ಕಲಿತವ. ಗೋವಾದಲ್ಲಿ ದೊಡ್ಡ ತಂಡದಲ್ಲಿ ಆಡಿದ್ದೇನೆ ಅನ್ನುತ್ತಿದ್ದ. ಆಡಿದ್ದನೋ, ಆಡುವವರಿಗೆ ನೀರು ಕೊಟ್ಟಿದ್ದನೋ, ನೋಡಿದವರು ಯಾರು? ಅಂಕೋಲೆಯ ಶಾಲೆಯೊಂದರ ಮೈದಾನ ಕೇಳಿಕೊಂಡು ಬೆಳಿಗ್ಗೆ ಸಂಜೆ ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಶುರು ಮಾಡಿದ್ದ. ಕೆಲವು ಬೆಳಿಗ್ಗೆ ಹೊಯ್ಗೆಯಲ್ಲಿ ಓಡಿಸಲು ನಮ್ಮ ಕಡಲದಂಡೆಗೇ ತರುತ್ತಿದ್ದ. ಹುಡುಗಿಯರನ್ನೂ ಸೇರಿಸಿಕೊಳ್ಳುವವ ಸುತ್ತಮುತ್ತ ಅವನೊಬ್ಬನೇ.

ನನ್ನ ಮಗ ಗಣಪತಿಯ ಮಗಳು ಸಂಜನಾ ಆಗ ಎಂಟನೇ ಇಯತ್ತೆ. ಅವಳು ಸೇರಿದ್ದು ಹೀಗೆ. ಮಾಸ್ತರ ಒಂದು ದಿನ ದಂಡೆಯಲ್ಲಿ ಮಕ್ಕಳನ್ನು ಓಡಿಸುತ್ತಿದ್ದಾಗ ಗಣಪತಿ ದೋಣಿಯಿಂದ ಬಾಂಗಡೆ ಎಸೆಯುತ್ತಿದ್ದ, ಇವಳು ಕೆಳಗೆ ನಿಂತು ಹಿಡಿದು ಬುಟ್ಟಿಗೆ ಹಾಕುತ್ತಿದ್ದಳು. ಒದ್ದೆ ಬಾಂಗಡೆ ಹಿಡಿಯುವುದೆಂದರೆ ಸೋಪು ಹಚ್ಚಿದ ಮಗುವನ್ನು ಹಿಡಿದ ಹಾಗೆ. ಮಾಸ್ತರ ಓಡುವುದು ನಿಲ್ಲಿಸಿ ನೋಡಿದ. 'ಅಜ್ಜಿ, ಈ ಹುಡುಗಿ ಯಾರದ್ದು? ನಂಗೆ ಗೋಲ್‌ಕೀಪರ್ ಬೇಕು' ಅಂದ. 'ನಮಗೂ ಮೀನು ಹಿಡಿಯೂಕೆ ಬೇಕು' ಅಂದೆ. ಆದರೂ ಹೋದಳು. ನನ್ನ ಸೊಸೆ ಶಾಂತಿ ಕಳಿಸಿದಳು. ಗಣಪತಿ ಗೊಣಗಿದ. ಈ ವರ್ಷ ಒಂದು ಆಡಲಿ, ಮತ್ತೆ ಸಾಕು, ಹೆಣ್ಣುಮಗಳು ಚಡ್ಡಿ ಹಾಕಿ ಪೇಟೆಯಲ್ಲಿ ಓಡುವುದು ಎಷ್ಟು ದಿನ, ಎಂದು ಅವನ ವಾದ. ಅಂದರೆ ಕ್ಲಾಸು ನಿಲ್ಲಲಿಕ್ಕೆ ಒಂದು ನೆಪ ಸಿಕ್ಕರೆ ಸಾಕಿತ್ತು ಅವನಿಗೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾವು ಸಣ್ಣವರಿದ್ದಾಗ ನಮಗೂ ಚೆಂಡಿತ್ತು. ಹರಿದ ಬಲೆಯ ಚೂರನ್ನು ಸುತ್ತಿ ಸುತ್ತಿ ಕಟ್ಟಿದ್ದು. ಒದ್ದರೆ ಹೆಬ್ಬೆರಳಿಗೆ ಸಿಕ್ಕಿಕೊಂಡು ಕಾಲಿನ ಸಂಗಡವೇ ವಾಪಸ್ಸು ಬರುತ್ತಿತ್ತು. ಗೋಲು ಆಗುವುದೇ ಇಲ್ಲ, ಜಗಳವೂ ಇಲ್ಲ. ಈಗಿನ ಚೆಂಡು ನುಣ್ಣಗಿದೆ, ಜಗಳ ಜಾಸ್ತಿ.

ಜಗಳದ ಸುದ್ದಿಗೆ ಬರುವ ಮೊದಲು ನಮ್ಮ ಒಂದು ಕ್ರಮ ಹೇಳಬೇಕು. ಇಲ್ಲದಿದ್ದರೆ ನಿಮಗೆ ನಾವೆಲ್ಲ ಮಳ್ಳರು ಅನಿಸುತ್ತದೆ. ದೋಣಿ ದಡಕ್ಕೆ ಬಂದಾಗ ಯಾರಾದರೂ 'ಎಷ್ಟಾಯ್ತೋ?' ಎಂದು ಕೇಳಿದರೆ, ದೋಣಿ ಮುಳುಗುವಷ್ಟು ಮೀನಿದ್ದರೂ 'ಏನಿಲ್ಲ, ಸಾರಿಗಾಯ್ತು' ಅನ್ನಬೇಕು. ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ನಿಜವಾಗಿ ಏನೂ ಸಿಗದವನೂ ಅದನ್ನೇ ಹೇಳುತ್ತಾನೆ. ಮತ್ತೆ ಗೊತ್ತಾಗುವುದು ಹೇಗೆ ಎಂದರೆ, ಖಾಲಿ ಬಂದವ ಗಡಬಡಿಸಿ ಹೇಳಿ ಬೀಡಿ ಹಚ್ಚುತ್ತಾನೆ. ತುಂಬಿ ಬಂದವ ನಿಧಾನಕ್ಕೆ ಎಳೆದು ಹೇಳುತ್ತಾನೆ, ಬೆಲ್ಲ ಬಾಯಲ್ಲಿಟ್ಟುಕೊಂಡ ಹಾಗೆ. ಬಸುರಿಗೂ ಹಾಗೆಯೇ. ಶೇವಂತಿ ತನ್ನ ಮಗನನ್ನು ಹೊತ್ತಾಗ ಹೊಟ್ಟೆ ಗಂಟಲಿಗೆ ಬಂದಿತ್ತು. ಯಾರೋ ಕೇಳಿದ್ದಕ್ಕೆ 'ಏನಿಲ್ಲ, ಗ್ಯಾಸು' ಅಂದಿದ್ದಳು. ವಾರದೊಳಗೆ ಆ ಗ್ಯಾಸು ತೊಟ್ಟಿಲಲ್ಲಿ ಮಲಗಿ ಕೂಗುತ್ತಿತ್ತು.

'ಹಾಗಾದರೆ ಪೇಟೆಯಲ್ಲಿ ಕೂತು ತಾಜಾ ತಾಜಾ ಎಂದು ಬೊಬ್ಬೆ ಹೊಡೆಯುತ್ತೀರಲ್ಲ' ಎಂದು ನೀವು ಕೇಳಬಹುದು. ಅದು ಬೇರೆ. ಬುಟ್ಟಿಗೆ ಬಿದ್ದ ಮೀನು ಸತ್ತ ಮೀನು. ಅದಕ್ಕೆ ಯಾರ ಕಣ್ಣು ತಾಗಿದರೆ ಏನು? ಎಷ್ಟು ಬೇಕಾದರೂ ಹೊಗಳಬಹುದು. ನಿನ್ನೆಯ ಮೀನನ್ನು ಇವತ್ತಿನದ್ದು ಅಂತಲೂ ಹೊಗಳಬಹುದು, ಗಿರಾಕಿ ಕಿವಿರು ಎತ್ತಿ ನೋಡದಿದ್ದರೆ. ನೀರಿನಲ್ಲಿ ಇನ್ನೂ ಇರುವುದನ್ನು ಮಾತ್ರ ಹೊಗಳಬಾರದು. ಮಕ್ಕಳೆಂದರೆ ನೀರಿನಲ್ಲಿ ಇನ್ನೂ ಇರುವ ಮೀನೇ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ರಂಪಣಿ ಬಲೆ ಎಳೆಯುವ ದಿನ. ಇಡೀ ಕೇರಿ ಸೇರಿ ಕಡಲಿನಿಂದ ಎಳೆಯುವ ದೊಡ್ಡ ಬಲೆ ಅದು. ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಮಕ್ಕಳಿಗೂ. ನಾನು ಹಗ್ಗದ ತುದಿಗೆ ನೇತಾಡುತ್ತಿದ್ದೆ. ಬಲೆ ಹತ್ತಿರ ಬಂದ ಹಾಗೆ ನೀರೆಲ್ಲ ಬೆಳ್ಳಿಯಾಯಿತು. ನನಗೆ ತಡೆಯಲಿಲ್ಲ. 'ಅಯ್ಯಯ್ಯೋ, ಎಷ್ಟು ಬಾಂಗಡೆ!' ಎಂದು ಕೂಗಿದೆ. ನನ್ನ ಅಜ್ಜಿ ಕೈಯಲ್ಲಿದ್ದ ಒದ್ದೆ ಪಂಜಿ ಬಟ್ಟೆಯಿಂದ ಬೆನ್ನಿಗೆ ಬಾರಿಸಿದಳು. ಅದೇ ಗಳಿಗೆಗೆ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು, ಅರ್ಧ ಮೀನು ಹೊರಟುಹೋಯಿತು. ಅಜ್ಜಿ ಸಾಯುವ ತನಕ ಮನೆಗೆ ಬಂದವರಿಗೆ ನನ್ನ ಗುರುತು ಹೇಳುವಾಗ 'ಇವಳೇ, ಬಾಂಗಡೆ ಓಡಿಸಿದವಳು' ಅನ್ನುತ್ತಿದ್ದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದಳು. ಅವರು ಪುಣ್ಯವಂತರು, ನಕ್ಕು ಒಪ್ಪಿಕೊಂಡರು. ಬಲೆ ಹರಿದದ್ದು ಕಲ್ಲಿಗೆ ಎಂದು ನನಗೆ ಈಗ ಗೊತ್ತು. ಆದರೂ ನನ್ನದೇನಾದರೂ ಒಳ್ಳೆಯದನ್ನು ಹೊಗಳಲು ಬಾಯಿ ತೆರೆದರೆ ಬೆನ್ನು ಈಗಲೂ ಚುರ್ ಅನ್ನುತ್ತದೆ.

ಇಂಥಾ ನಮ್ಮಲ್ಲಿಗೆ ಮಾಸ್ತರ ಒಂದು ಭಾನುವಾರ ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಬಂದ. ಪಾಲಕರು ಕ್ಲಾಸಿನ ಬಗ್ಗೆ ಎಂತ ಹೇಳುತ್ತಾರೆ ಎಂದು ವಿಡಿಯೋ ಮಾಡಬೇಕಂತೆ.

'ಅಜ್ಜಿ, ನಮ್ಮ ಕ್ಲಾಸಿಗೆ ಬಂದ ಮೇಲೆ ಮೊಮ್ಮಗಳಲ್ಲಿ ಎಂತ ಬದಲಾವಣೆ ಕಂಡ್ರಿ?'

'ಎಂತದೂ ಇಲ್ಲ.'

'ಹಾಗಲ್ಲ. ಆಟ ಎಷ್ಟು ಸುಧಾರಿಸಿದೆ?'

'ಏನಿಲ್ಲ. ಅನ್ನ ಜಾಸ್ತಿ ಬೇಕಾಗ್ತದೆ, ಚಪ್ಪಲಿ ಬೇಗ ಹರೀತದೆ.'

ಶೇವಂತಿಯ ಹತ್ತಿರ ಹೋದ. 'ನನ್ನ ಮಗನಾ? ಎಮ್ಮೆಕರು ಓಡಿದ ಹಾಗೆ ಓಡ್ತಾನೆ ಮಾರಾಯ, ಎಂತ ಕಲ್ತ?' ಅಂದಳು. ಬಲೆ ಹೊಲಿಯುತ್ತಾ ಕೂತ ಗಣಪತಿ ತಲೆಯೆತ್ತದೆ 'ಇದ್ದ ಹಾಗೇ ಅದೆ' ಅಂದ. ಹೀಗೆ ಇಡೀ ಕೇರಿ ಒಂದೇ ಮಂತ್ರ ಹೇಳಿತು. ಮಾಸ್ತರನಿಗೆ ಅದು ಕೇಳಿಸಿತೋ ಇಲ್ಲವೋ. ಅವನ ಗಮನವೆಲ್ಲ ಹಿಂದೆ ಸಮುದ್ರ ಚಂದ ಕಾಣುತ್ತದೋ, ತನ್ನ ಟೋಪಿಯ ಹೆಸರು ಕಾಣುತ್ತದೋ ಎಂಬುದರ ಮೇಲೆ. ಕೇಳಿದ್ದಕ್ಕೆಲ್ಲ 'ಸೂಪರ್, ಸೂಪರ್' ಅಂದ. ಸಂಜೆಗೆ ಅದನ್ನು ಪಾಲಕರ ಗ್ರೂಪಿಗೆ ಹಾಕಿದ. ಮೇಲೆ 'ಪಾಲಕರ ಮೆಚ್ಚುಗೆಯ ಮಾತುಗಳು' ಎಂದು ಬರೆದಿದ್ದ.

ಗ್ರೂಪಿನಲ್ಲಿ ನಮ್ಮಂಥವರು ಮಾತ್ರ ಅಲ್ಲ, ಪೇಟೆಯ ಕಡೆಯವರೂ ಇದ್ದರು. ಅವರಲ್ಲಿ ಒಬ್ಬರು ನಾಯಕರು, ಬಿಣಗಾದ ಫ್ಯಾಕ್ಟರಿಯಲ್ಲಿ ಕೆಲಸ. ಒಳ್ಳೆಯ ಮನುಷ್ಯ. ಮೀನಿಗೆ ಚೌಕಾಶಿ ಮಾಡುತ್ತಾರೆ, ಆದರೆ ಅವಮಾನ ಮಾಡುವುದಿಲ್ಲ. ಅವರ ಮಗನೂ ಕ್ಲಾಸಿಗೆ ಹೋಗುತ್ತಿದ್ದ. ಆ ವಾಲಿಬಾಲಿನ ಕಪ್ಪಿನ ಸುದ್ದಿ ಪತ್ತೆ ಹಚ್ಚಿದವರು ಅವರೇ. ಅದರ ಬೆನ್ನಿಗೇ ಈ ವಿಡಿಯೋ. ಅವರು ಗ್ರೂಪಿನಲ್ಲಿ, 'ಸರ್, ಇದು ಮೆಚ್ಚುಗೆಯೋ ದೂರೋ?' ಎಂದು ಕೇಳಿದರು. ಆಮೇಲೆ ಶುರುವಾಯಿತು ನೋಡಿ. ಸಂಜನಾ ನನಗೆ ಓದಿ ಹೇಳುತ್ತಿದ್ದಳು. ಮೊದಲು ದೊಡ್ಡದಾಗಿ ಓದಿದಳು, ಬರಬರುತ್ತಾ ಮನಸ್ಸಿನಲ್ಲೇ ಓದಿಕೊಂಡಳು, ಕಡೆಗೆ ಮೊಬೈಲು ಕವುಚಿಟ್ಟು ಅಂಗಳಕ್ಕೆ ಹೋಗಿ ಗೋಡೆಗೆ ಚೆಂಡು ಹೊಡೆಯುತ್ತಾ ನಿಂತಳು. ಗೋಡೆಯ ಮಣ್ಣು ಉದುರುವ ತನಕ ಹೊಡೆದಳು. ನಾನು ಬಯ್ಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನದ ಮೇಲೆ ಮೈದಾನದಲ್ಲೇ ಪಾಲಕರ ಸಭೆ. ಮೈದಾನ ಕೊಟ್ಟ ಶಾಲೆಯವರು, 'ಪಾಲಕರಿಗೆ ಬೇಡ ಅಂತಾದರೆ ನಮಗೂ ಬೇಡ' ಎಂದು ಹೇಳಿಕಳಿಸಿದ್ದರು. ಗಣಪತಿ ಅವತ್ತು ಯಾರೂ ಹೇಳದೆಯೇ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದ. 'ನೀ ಎಂತಕ್ಕೆ ಬತ್ತೆ ಆಯಿ?' ಎಂದು ನನಗೆ ಕೇಳಿದ. 'ವಿಡಿಯೋದಲ್ಲಿ ಇದ್ದೆನಲ್ಲ, ನನ್ನ ಮುಖ ಎಲ್ಲರಿಗೂ ನೋಡಬೇಕಂತೆ' ಅಂದೆ.

ಮರದ ಬುಡದಲ್ಲಿ ಎಲ್ಲರೂ ಕೂತರು. ಮಕ್ಕಳನ್ನು ದೂರ ಮೈದಾನದ ಆಚೆ ತುದಿಗೆ ಕಳಿಸಿದ್ದರು. ಅವು ಆಡುತ್ತಿರಲಿಲ್ಲ, ಚೆಂಡಿನ ಸುತ್ತ ಸುಮ್ಮನೆ ನಿಂತು ನಮ್ಮ ಕಡೆಯೇ ನೋಡುತ್ತಿದ್ದವು.

ನಾಯಕರು ಮೆತ್ತಗೆ ಶುರು ಮಾಡಿದರು. 'ಸರ್, ಸೋತದ್ದು ತಪ್ಪಲ್ಲ. ಸೋತು ಬಂದು ಬೇರೆಯವರ ಕಪ್ಪು ಹಿಡಿದು ಫೋಟೋ ಹಾಕಿದ್ರಲ್ಲ, ನಮ್ಮ ಮಗ ನನ್ನ ಕೇಳ್ತಾನೆ, ಪಪ್ಪಾ ನಾವು ಗೆದ್ದಿದ್ದು ಯಾವಾಗ ಅಂತ. ನಾನೆಂತ ಹೇಳಲಿ?'

'ಅದು ಡಿಸೈನ್ ಮಾಡುವವ ಹಾಕಿದ್ದು ಸರ್' ಅಂದ ಮಾಸ್ತರ.

'ಕಪ್ಪು ನಿಮ್ಮ ಕೈಯಲ್ಲಿ ಇದೆ. ಕೈಯೂ ಅವನೇ ಹಾಕಿದ್ದಾ?'

ಎಲ್ಲರೂ ನಕ್ಕರು. ಮಾಸ್ತರನೂ ನಗಲು ಹೋಗಿ ಅರ್ಧಕ್ಕೆ ಬಿಟ್ಟ. ಒಬ್ಬಾಕೆ, ಬ್ಯಾಂಕಿನಲ್ಲಿ ಕೆಲಸದವಳು, ತನ್ನ ಮಗ ಕ್ಲಾಸಿಗೆ ಬಂದ ಮೇಲೆ ಮೊಬೈಲು ಬಿಟ್ಟಿದ್ದಾನೆ ಅಂದಳು. ಹಿಂದಿನಿಂದ ಯಾರೋ, 'ಅವನು ಬಿಟ್ಟ, ಮಾಸ್ತರ ಹಿಡಿದ' ಅಂದರು. ಮತ್ತೆ ನಗೆ. ಮತ್ತೊಬ್ಬ, ಇಷ್ಟು ದಿನದಲ್ಲಿ ಒಬ್ಬ ಹುಡುಗನಾದರೂ ಜಿಲ್ಲಾ ತಂಡಕ್ಕೆ ಹೋಗಿದ್ದಾನಾ ಎಂದು ಕೇಳಿದ. ಇನ್ನೊಬ್ಬ, ಬೆಳಿಗ್ಗೆ ಬೇಗ ಏಳ್ತಾರಲ್ಲ ಅದೇ ಸಾಕು ಅಂದ. 'ಬೇಗ ಏಳಲಿಕ್ಕೆ ಕೋಳಿ ಸಾಕಾಗ್ತದೆ' ಎಂದಿತು ಹಿಂದಿನ ಅದೇ ಧ್ವನಿ. ಮಾತು ಎತ್ತೆತ್ತಲೋ ಹೋಯಿತು. ಬೂಟು ಎಲ್ಲಿಂದ ತರಬೇಕು, ಬಾಳೆಹಣ್ಣು ಕೊಡಬೇಕೋ ಮೊಟ್ಟೆ ಕೊಡಬೇಕೋ, ಮೈದಾನಕ್ಕೆ ದನ ಬಿಡುವವರು ಯಾರು. ಜನ ಸೇರಿದಲ್ಲಿ ಮಾತು ಹಾಗೆಯೇ. ಕೇಳುವುದಕ್ಕೆ ನನಗೆ ಬೇಜಾರಿರಲಿಲ್ಲ, ಕಡೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಹೆದರಿಕೆ ಮಾತ್ರ.

ಕಡೆಗೆ ನಾಯಕರು ಮೊಬೈಲು ತೆಗೆದರು. 'ನಾನು ಹೇಳೂದು ಬೇಡ. ಪಾಲಕರೇ ಹೇಳಿದ್ದಾರೆ, ಕೇಳಿ' ಎಂದು ಆ ವಿಡಿಯೋ ಹಾಕಿದರು.

ನನ್ನ ಧ್ವನಿ ನನಗೇ ಕೇಳಿಸಿತು. 'ಏನಿಲ್ಲ. ಅನ್ನ ಜಾಸ್ತಿ ಬೇಕಾಗ್ತದೆ.' ಶೇವಂತಿಯ ಎಮ್ಮೆಕರು ಬಂತು. ಗಣಪತಿಯ 'ಇದ್ದ ಹಾಗೇ ಅದೆ' ಬಂತು. ಪೇಟೆಯ ಪಾಲಕರು ತಲೆ ಆಡಿಸಿದರು. ಇನ್ನೆಂತ ಬೇಕು? ಕಡಲ ಬದಿಯ ಬಡವರೇ ಹೀಗೆ ಹೇಳಿದ ಮೇಲೆ ಕ್ಲಾಸು ದಂಡ ಎಂದು ಆಯಿತಲ್ಲ. ನಮ್ಮವರೆಲ್ಲ ಕೂತಲ್ಲೇ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಅದು ಹಾಗಲ್ಲ ಎಂದು ಹೇಳಬೇಕಾದರೆ ಮಕ್ಕಳು ಚೆನ್ನಾಗಿ ಆಡುತ್ತಾರೆ ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಹೇಳುವವರು ಯಾರು?

'ಹಾಗಾದರೆ ನಿಲ್ಲಿಸೋಣ ಅಂತ' ಎಂದು ಒಬ್ಬರು ಎದ್ದು ಹಿಂದೆ ಅಂಟಿದ ಹುಲ್ಲು ಕೊಡವಿಕೊಂಡರು.

ಗಣಪತಿಯೂ ಏಳಲು ಕೈ ನೆಲಕ್ಕೆ ಊರಿದ. ನಾನು ಅವನ ಕಡೆ ನೋಡಲಿಲ್ಲ. ಮೈದಾನದ ಆಚೆ ತುದಿಯಲ್ಲಿ ಸಂಜನಾ ಎರಡೂ ಕೈಗೆ ದಪ್ಪ ಕೈಗವಸು ಹಾಕಿಕೊಂಡು, ಗೋಲಿನ ಕಂಬಗಳ ನಡುವೆ ನಿಂತಿದ್ದಳು. ಅವಳ ಕಡೆ ಯಾರೂ ಚೆಂಡು ಒದೆಯುತ್ತಿರಲಿಲ್ಲ. ಆದರೂ ನಿಂತಿದ್ದಳು.

'ನನ್ನ ಮೊಮ್ಮಗಳು ಚೆನ್ನಾಗಿ ಆಡ್ತಾಳೆ' ಅಂದೆ.

ಹೇಳಿ ಆದ ಕೂಡಲೇ ಬೆನ್ನು ಚುರ್ ಅಂತು.

'ಅಜ್ಜೀ!' ಶೇವಂತಿ ನನ್ನ ತೋಳು ಹಿಡಿದಳು. 'ಬಾಯಿ ಮುಚ್ಚು!'

'ಎಂತಕ್ಕೆ ಮುಚ್ಚೂದು? ಮುಚ್ಚಿದ್ದಕ್ಕೇ ಹೀಗಾದದ್ದು. ಕೇಳಿ, ನಾಯಕರೇ. ಮೊದಲು ಚೆಂಡು ಬಂತೆಂದರೆ ಅವಳು ಕಣ್ಣು ಮುಚ್ಚುತ್ತಿದ್ದಳು. ಕೈಗೆ ಸಿಕ್ಕರೆ ಸಿಕ್ಕಿತು. ಈ ಮಾಸ್ತರ, ಈ ಕಪ್ಪು ಕದ್ದವ, ಒಂದು ತಿಂಗಳು ದಂಡೆಯಲ್ಲಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಮೆಲ್ಲ ಮೆಲ್ಲ ಚೆಂಡು ಎಸೆದ. ಕಣ್ಣು ಬಿಡು, ಕಣ್ಣು ಬಿಡು ಎಂದು. ಅದರ ಫೋಟೋ ಅವ ತೆಗೀಲಿಲ್ಲ. ಈಗ ಕಣ್ಣು ಬಿಟ್ಟೇ ಹಿಡೀತಾಳೆ. ಕಾರವಾರದಲ್ಲಿ ನಾನು ಗೋಲಿನ ಹಿಂದೆ ನಿಂತು ನೋಡಿದೆ. ಹೋದ ಸಲ ಹೋದಾಗ ನಮ್ಮ ಮಕ್ಕಳು ಅಳ್ತಾ ಬಂದ್ರು. ಈ ಸಲ ಒಂದೇ ಗೋಲಿಗೆ ಸೋತ್ರು, ಬಸ್ಸಿನಲ್ಲಿ ಜಗಳ ಆಡ್ತಾ ಬಂದ್ರು.'

'ಮತ್ತೆ ವಿಡಿಯೋದಲ್ಲಿ ಏನಿಲ್ಲ ಅಂದ್ರಲ್ಲ ಅಜ್ಜಿ?' ನಾಯಕರು ಕೇಳಿದರು.

'ಮತ್ತೆಂತ ಹೇಳೂದು? ಕ್ಯಾಮೆರಾ ಹಿಡಿದು ಊರಿಗೆಲ್ಲ ಸಾರಿ ಅಂದ್ರೆ ಯಾರು ಸಾರ್ತಾರೆ?'

ಅವರಿಗೆ ತಿಳಿಯಲಿಲ್ಲ. ಅವರ ಮುಖ ನೋಡಿ ಗಣಪತಿಗೇ ತಡೆಯಲಿಲ್ಲ. ಕ್ಲಾಸು ನಿಲ್ಲಲಿ ಎಂದು ಬಂದವ, ಆದರೆ ನಮ್ಮ ಕೇರಿಯನ್ನು ಯಾರಾದರೂ ಮಳ್ಳರು ಎಂದುಕೊಂಡರೆ ಅವನಿಗೆ ಆಗುವುದಿಲ್ಲ. 'ಸರ್, ನಮ್ಮಲ್ಲಿ ಹಾಗೆ ಹೇಳೂದಿಲ್ಲ' ಅಂದ. 'ದೋಣಿ ತುಂಬಿದ್ರೂ ಸಾರಿಗಾಯ್ತು ಅಂತಲೇ ಹೇಳೂದು. ಕಣ್ಣು ತಾಗ್ತದೆ. ಮಕ್ಕಳದ್ದೂ ಹಾಗೆಯೇ.'

ನಾಯಕರು ಕನ್ನಡಕ ತೆಗೆದು ನಗಲು ಶುರು ಮಾಡಿದರು. 'ಅಯ್ಯೋ ದೇವರೇ. ನನ್ನ ಆಯಿಯೂ ಹೀಗೆಯೇ. ಮಾವಿನ ಹೀಚಿಗೆ ಬೆರಳು ತೋರಿಸಿದ್ರೆ ಬೆರಳಿಗೆ ಹೊಡೀತಿದ್ದಳು, ಉದುರ್ತದೆ ಅಂತ. ಈಗಲೂ ನಾನು ಮಾವಿನಮಿಡಿ ತೋರಿಸೂದು ಗದ್ದದಿಂದ.' ಗದ್ದ ಎತ್ತಿ ಮೇಲೆ ತೋರಿಸಿದರು. ಪೇಟೆಯ ಹೆಂಗಸರೆಲ್ಲ ಹೌದು ಹೌದು, ಬೂದುಗುಂಬಳಕ್ಕೂ ಹಾಗೆಯೇ, ಅಂದರು. ಎದ್ದು ನಿಂತಿದ್ದವರು ಮತ್ತೆ ಕೂತರು.

'ಹಾಗಾದರೆ ಗಣಪತಿ, ನೀವೇ ಹೇಳಿ' ನಾಯಕರು ಕೇಳಿದರು. 'ನಿಮ್ಮ ಮಗಳು ಹೇಗೆ ಆಡ್ತಾಳೆ?'

ಗಣಪತಿ ಮೈದಾನದ ಆ ತುದಿ ನೋಡಿದ. 'ಏನಿಲ್ಲ' ಅಂದ. ಆದರೆ ಹೇಗೆ ಅಂದ ಗೊತ್ತುಂಟೋ? ನಿಧಾನಕ್ಕೆ, ಎಳೆದು, ಬೆಲ್ಲ ಬಾಯಲ್ಲಿಟ್ಟುಕೊಂಡ ಹಾಗೆ. ನಮ್ಮ ಕೇರಿಯವರಿಗೆಲ್ಲ ಕೇಳಿತು. ಶೇವಂತಿ ನನ್ನ ಪಕ್ಕೆಗೆ ತಿವಿದಳು. ಅಲ್ಲಿಗೆ ನನಗೆ ಅರ್ಧ ಜೀವ ಬಂತು. ಇನ್ನು ಇಂವ ಅವಳನ್ನು ಬಿಡಿಸುವುದಿಲ್ಲ ಎಂದು ಗೊತ್ತಾಯಿತು.

ಮಾಸ್ತರನಿಗೆ ಮಾತ್ರ ನಾನು ಬಿಡಲಿಲ್ಲ. 'ಕಲಿಸೂಕೆ ಬತ್ತದೆ ನಿಂಗೆ. ಮತ್ತೆ ಸುಳ್ಳು ಎಂತಕ್ಕೆ?' ಎಂದು ಕೇಳಿದೆ.

'ಅಜ್ಜಿ, ಫ್ಲೆಕ್ಸ್ ಹಾಕದೆ ಯಾರು ಬರ್ತಾರೆ? ಮೊದಲ ವರ್ಷ ಸುಮ್ಮನೆ ಕಲಿಸಿದೆ. ಮಕ್ಕಳಿಗಿಂತ ಚೆಂಡು ಹೆಚ್ಚಿದ್ವು.'

ಅದು ನಿಜವೇ ಇರಬೇಕು. ಅವನ ಮುಖ ಆಗ ಫ್ಲೆಕ್ಸಿನ ಮುಖದ ಹಾಗೆ ಇರಲಿಲ್ಲ. ಕನ್ನಡಕ ಇಲ್ಲದೆ ಕಣ್ಣು ಸಣ್ಣದು, ಪಾಪದವನ ಹಾಗೆ. ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಇಳಿಸಬೇಕು, ಆಗದ್ದನ್ನು ಆಯಿತು ಎಂದು ಹಾಕಬಾರದು, ಹಾಕುವ ಮೊದಲು ನಾಯಕರಿಗೆ ತೋರಿಸಬೇಕು ಎಂದು ಮಾತಾಯಿತು. ಕ್ಲಾಸು ಇರಲಿ ಎಂದು ಎಲ್ಲರೂ ಕೈ ಎತ್ತಿದರು. ಕೈ ಎತ್ತುವಾಗ ಹಿಂದಿನ ಆ ಧ್ವನಿ ಯಾರದ್ದೆಂದು ತಿರುಗಿ ನೋಡಿದೆ. ಬ್ಯಾಂಕಿನವಳ ಗಂಡ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಮಾಸ್ತರನಿಗೆ ಹುರುಪು ಬಂತು. 'ಈಗಲೇ ಒಂದು ಮ್ಯಾಚ್ ಆಡಿಸ್ತೇನೆ, ಎಲ್ಲರೂ ಕಣ್ಣಾರೆ ನೋಡಿ' ಎಂದು ಸೀಟಿ ಊದಿದ. ನಾಲಿಗೆಯಿಂದ ಆಗಷ್ಟೇ ಹೊಗಳಿ ಕೂತಿದ್ದೇನೆ, ಬಾಯಿಯ ಎಂಜಲು ಇನ್ನೂ ಆರಿಲ್ಲ. 'ಇವತ್ತು ಬೇಡ ಮಾರಾಯ' ಅಂದೆ. ಯಾರಿಗೆ ಕೇಳಬೇಕು?

ಆಟ ಶುರುವಾಯಿತು. ನಾನು ಆಟ ನೋಡಲಿಲ್ಲ, ಅವಳ ಕಾಲು ನೋಡಿದೆ, ಮಂಡಿ ನೋಡಿದೆ, ಕಂಬ ಎಷ್ಟು ಹತ್ತಿರ ಇದೆ ನೋಡಿದೆ. ಶೇವಂತಿ ಪಕ್ಕದಲ್ಲಿ ಕೂತು, 'ಹೇಳಿಬಿಟ್ಟೆಯಲ್ಲ ಅಜ್ಜಿ, ಎಲ್ಲರ ಎದುರಿಗೆ ಹೇಳಿಬಿಟ್ಟೆಯಲ್ಲ' ಎಂದು ಜಪ ಮಾಡುತ್ತಿದ್ದಳು. 'ನೀ ಸುಮ್ನಿರು' ಅಂದೆ. ಅಷ್ಟರಲ್ಲಿ ನಾಯಕರ ಮಗ ಹತ್ತಿರದಿಂದಲೇ ಜೋರಾಗಿ ಒದ್ದ. ಚೆಂಡು ಸೀದಾ ಸಂಜನಾಳ ಮುಖಕ್ಕೆ ಬಡಿಯಿತು. ಅವಳು ಹಿಂದಕ್ಕೆ ಬಿದ್ದಳು. ಬಿದ್ದವಳು ಏಳಲಿಲ್ಲ.

ಸಣ್ಣವಳಿದ್ದಾಗ ಬಲೆ ಹರಿದದ್ದು ಕಲ್ಲಿಗೆ ಎಂದೆನಲ್ಲ, ಆ ಗಳಿಗೆಗೆ ನನಗೆ ಅದರ ಮೇಲೆ ನಂಬಿಕೆ ಹೋಯಿತು. ನನ್ನ ಬಾಯಿಯೇ ಹರಿದದ್ದು, ಅವತ್ತೂ, ಇವತ್ತೂ. ಓಡಲು ಎದ್ದೆ, ಮೊಣಕಾಲು ಹಿಡಿದುಕೊಂಡಿತು. ಗಣಪತಿ ನನ್ನನ್ನು ದಾಟಿ ಓಡಿದ, ಇಸ್ತ್ರಿ ಅಂಗಿಯ ಗುಂಡಿ ಹರಿಯಿತು. ನಾಯಕರೂ ಓಡಿದರು. ನಾನು ನಡುವಿಗೆ ಕೈಕೊಟ್ಟು ಹೇಗೋ ಮುಟ್ಟುವಾಗ ಮಕ್ಕಳೆಲ್ಲ ಸುತ್ತ ನಿಂತಿದ್ದರು.

ಅವಳು ಕೂತಿದ್ದಳು. ಮೂಗು ಕೆಂಪಾಗಿತ್ತು, ರಕ್ತ ಇರಲಿಲ್ಲ. ಬಾಯಿಯೊಳಗಿನ ಮಣ್ಣು ಉಗಿದು, ಚೆಂಡು ಹೊಡೆದ ಹುಡುಗನಿಗೆ, 'ಗೋಲಾಯ್ತೇನೋ?' ಎಂದು ಕೇಳಿದಳು.

'ಇಲ್ಲ' ಅಂದ ಅವ.

'ಮತ್ತೆಂತಕ್ಕೆ ಎಲ್ರೂ ಇಲ್ಲಿ ನಿಂತಿದ್ದಾರೆ? ಅಜ್ಜಿ, ನೀ ಗೋಲಿನ ಒಳಗೆ ನಿಂತಿದ್ದೆ, ಹೊರಗೆ ಹೋಗು.'

ಹೊರಗೆ ಹೋದೆ. ಹೋಗಿ ಮರದ ಬುಡದಲ್ಲಿ ಕೂತು ನೀರು ಕುಡಿದೆ. ಒಂದು ಬಾಟ್ಲಿ ಪೂರ್ತಿ ನನ್ನದೇ ಅಲ್ಲದ ನೀರು ಕುಡಿದೆ. ಗಣಪತಿ ಬಂದು ಪಕ್ಕದಲ್ಲಿ ಕೂತ. ಗುಂಡಿ ಹೋದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, 'ಕಣ್ಣು ಮುಚ್ಚಲಿಲ್ಲ ಆಯಿ' ಅಂದ. 'ಮುಖಕ್ಕೇ ಬಂತು ಚೆಂಡು, ಆದ್ರೂ ಕಣ್ಣು ಮುಚ್ಚಲಿಲ್ಲ ಅವಳು.' ಕೂಡಲೇ ಯಾರಾದರೂ ಕೇಳಿದರೋ ಎಂದು ಆಚೆ ಈಚೆ ನೋಡಿದ.

ಮರುದಿನ ಬೆಳಿಗ್ಗೆ ಮಾಸ್ತರ ಮಕ್ಕಳನ್ನು ದಂಡೆಗೆ ತರುವ ಮೊದಲೇ ನಾನು ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಮಾಡಿ, ಕಲ್ಲುಪ್ಪು ಒಣಮೆಣಸು ಹಿಡಿದುಕೊಂಡು ಕೂತಿದ್ದೆ. ಸಂಜನಾಳಿಗೆ ಮೊದಲು ದೃಷ್ಟಿ ತೆಗೆಯಲು ಸುಳಿದೆ. ಆಮೇಲೆ ಸಾಲಾಗಿ ಉಳಿದ ಮಕ್ಕಳಿಗೆ, ನಾಯಕರ ಮಗನಿಗೂ. ಕಡೆಗೆ ಮಾಸ್ತರನ ಕೈ ಹಿಡಿದು ಎಳೆದೆ.

'ನಂಗೆಂತಕ್ಕೆ ಅಜ್ಜಿ?'

'ಇಷ್ಟು ವರ್ಷ ನಿನ್ನ ನೀನೇ ಹೊಗಳಿಕೊಂಡಿದ್ದೆಯಲ್ಲ, ಎಷ್ಟು ತಾಗಿರಬೇಕು! ಸುಮ್ನೆ ನಿಲ್ಲು.'

ನಿಂತ. ಒಂದು ಕೈ ಮೆಲ್ಲಗೆ ಮೊಬೈಲಿನ ಕಿಸೆಗೆ ಹೋಗುತ್ತಿತ್ತು, ಅದಕ್ಕೊಂದು ಕೊಟ್ಟೆ. ಎಲ್ಲರಿಗೂ ಸುಳಿದ ಮೆಣಸನ್ನು ಒಟ್ಟಿಗೆ ಬೆಂಕಿಗೆ ಹಾಕಿದೆ. ಘಾಟು ಬರದಿದ್ದರೆ ಕಣ್ಣು ತಾಗಿದೆ ಎಂದು ಲೆಕ್ಕ, ಘಾಟು ಬಂದರೆ ಏನೂ ಇಲ್ಲ ಎಂದು. ಉಸಿರು ಹಿಡಿದು ಕಾದೆ. ಮೊದಲು ಮಾಸ್ತರ ಕೆಮ್ಮಿದ. ಆಮೇಲೆ ಸಂಜನಾ, ಆಮೇಲೆ ಇಡೀ ತಂಡ ಕಣ್ಣು ಮೂಗು ಒರೆಸಿಕೊಳ್ಳುತ್ತಾ ನೀರಿನ ಕಡೆ ಓಡಿತು. ನಾನೂ ಕಣ್ಣಲ್ಲಿ ನೀರು ಸುರಿಯುವ ತನಕ ಕೆಮ್ಮಿದೆ, ಬೆಂಕಿಗೆ ಹೊಯ್ಗೆ ಮುಚ್ಚಿದೆ, ಬುಟ್ಟಿ ಹೊತ್ತು ಪೇಟೆಗೆ ನಡೆದೆ.